ಹೊರಗೆ ಹೋದವರು, ಕೆಲಸ ಬಿಟ್ಟವರು

ಸಾಬ್ರೀನ್‌ಗೆ ಅನುಮಾನ ಬಂದದ್ದು ಒಂದೇ ಒಂದು ಪದದಲ್ಲಿ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಿಂದ ಬಂದಿದ್ದ ಇಂಗ್ಲಿಷ್ ವರದಿಯನ್ನು ಅವಳು ಶಿಡ್ಲಘಟ್ಟದ ತನ್ನ ಮನೆಯ ಮಹಡಿಯಲ್ಲಿ ಕೂತು ಫ್ರೆಂಚಿಗೆ ಮಾಡುತ್ತಿದ್ದಳು. ಯಂತ್ರಗಳ ವಿಚಾರ, ಉತ್ಪಾದನೆಯ ವಿಚಾರ ಎಲ್ಲ ಸಲೀಸಾಗಿ ಮುಗಿದು ಕೊನೆಯ ಪುಟಕ್ಕೆ ಬಂದಾಗ ಒಂದು ಸಾಲಿನಲ್ಲಿ ಕೈ ನಿಂತಿತು. ಗಾಳಿ ಸರಿಯಾಗಿ ಆಡುತ್ತಿಲ್ಲವೆಂದು ದೂರು ಹೇಳಿದ ಮೇಲೆ ಪೇಂಟಿಂಗ್ ವಿಭಾಗದ ಹೆಂಗಸರು ‘ಲೆಫ್ಟ್’ ಎಂದು ಅಲ್ಲಿತ್ತು. ಅದರ ಮುಂದಿನ ಸಾಲು, ಹೊಸಬರನ್ನು ಹಾಕಿಕೊಂಡು ಕೆಲಸ ಮುಂದುವರಿಸಿದ್ದೇವೆ ಎಂಬುದು.

ಇಂಗ್ಲಿಷಿನಲ್ಲಿ ಲೀವ್ ಎಂಬ ಕ್ರಿಯಾಪದ ಯಾವುದಕ್ಕೂ ಒದಗುತ್ತದೆ. ಎದ್ದು ಹೊರಗೆ ಹೋದರೂ ಅದೇ, ಊರಿಗೆ ಹೊರಟರೂ ಅದೇ, ಗಂಡನನ್ನು ಬಿಟ್ಟರೂ ಅದೇ, ಛತ್ರಿಯನ್ನು ಬಸ್ಸಿನಲ್ಲಿ ಬಿಟ್ಟು ಬಂದರೂ ಅದೇ. ಫ್ರೆಂಚಿನಲ್ಲಿ ಹಾಗಾಗುವುದಿಲ್ಲ. ಒಂದು ಜಾಗದ ಒಳಗಿಂದ ಹೊರಗೆ ಬಂದರೆ ‘ಸೊರ್ತೀರ್’. ಹೊರಟೇ ಹೋದರೆ ‘ಪಾರ್ತೀರ್’. ಜಾಗವನ್ನೋ ಮನುಷ್ಯರನ್ನೋ ಬಿಟ್ಟು ಹೋದರೆ ‘ಕಿತ್ತೇ’. ವಸ್ತುವನ್ನು ಬಿಟ್ಟರೆ ‘ಲೆಸ್ಸೇ’. ಇನ್ನು ತಾನಾಗಿ ರಾಜೀನಾಮೆ ಕೊಟ್ಟು ಕೆಲಸ ಬಿಟ್ಟರೆ ಅದಕ್ಕೆ ಬೇರೆಯದೇ ಮಾತು, ‘ದೆಮಿಸ್ಯೊನೇ’. ಇಂಗ್ಲಿಷಿನವನು ಹೇಳದೆ ಉಳಿಸಿದ್ದನ್ನು ಫ್ರೆಂಚಿಗೆ ತರುವವರು ಹೇಳಲೇಬೇಕು.

ಅನುಮಾನ ಬಂದಾಗಲೆಲ್ಲ ಆ ಫ್ಯಾಕ್ಟರಿಯಲ್ಲೇ ಇದ್ದ ಗೆಳತಿ ಯಾಮಿನಿಗೆ ಮೆಸೇಜ್ ಹಾಕುವುದು, ಅವಳು ಅಲ್ಲೇ ಉತ್ತರ ಬರೆಯುವುದು ರೂಢಿ. ಸಾಬ್ರೀನ್ ಹಾಗೇ ಮಾಡಿದಳು. ಆವತ್ತು ಮಾತ್ರ ಯಾಮಿನಿ ಬರೆಯಲಿಲ್ಲ. ಫೋನ್ ಮಾಡಿದಳು.

"ಏನೇ ಅದು ಲೆಫ್ಟು?"

"ಯಾವ ಲೆಫ್ಟು ಅಂತ ಕಣೇ. ಎದ್ದು ಹೊರಗೆ ಹೋದ್ರಾ, ಕೆಲಸಾನೇ ಬಿಟ್ರಾ?"

"ಕೆಲಸ ಬಿಟ್ರು. ರಿಸೈನ್ ಮಾಡಿದ್ರು."

"ಅಷ್ಟೂ ಜನಾನಾ?"

"ದ್ರಾಕ್ಷಿ ಕೊಯ್ಲು ಶುರುವಾಯ್ತಲ್ಲ, ಹತ್ತಿರದ ತೋಟಗಳಿಗೆ ಹೋದ್ರು. ಇಲ್ಲಿ ಇದೆಲ್ಲ ಆಗ್ತಾನೇ ಇರುತ್ತೆ."

"ಹಾಗಾದ್ರೆ ಪಾರ್ತೀರ್ ಅಂತ ಹಾಕ್ಲಾ? ಹೊರಟು ಹೋದ್ರು ಅಂತ ಆಗುತ್ತೆ. ಇಂಗ್ಲಿಷಿಗೂ ಹತ್ತಿರ ಇರುತ್ತೆ."

"ಬೇಡ ಕಣೇ, ಫ್ರಾನ್ಸಿನವರು ಆಮೇಲೆ ನೂರೆಂಟು ಪ್ರಶ್ನೆ ಕೇಳ್ತಾರೆ. ರಿಸೈನ್ ಅಂತಾನೇ ಕ್ಲಿಯರ್ ಆಗಿ ಹಾಕ್ಬಿಡು."

ಸಾಬ್ರೀನ್ ಹಾಗೇ ಹಾಕಿದಳು. ಪೇಂಟಿಂಗ್ ವಿಭಾಗದ ಹೆಂಗಸರು ರಾಜೀನಾಮೆ ಕೊಟ್ಟರು. ಕೊನೆಯಲ್ಲಿ, ಇದು ಮೂಲಕ್ಕೆ ನಿಷ್ಠವಾದ ಅನುವಾದ ಎಂಬ ಸಾಲಿನ ಕೆಳಗೆ ಯಾವತ್ತಿನಂತೆ ತನ್ನ ಹೆಸರು ಬರೆದು ಸಹಿ ಮಾಡಿ ಕಳಿಸಿದಳು. ಕಳಿಸಿ ಮರೆತೂಬಿಟ್ಟಳು.

ಯಾಮಿನಿಯ ಮಾತನ್ನು ಅನುಮಾನಿಸುವ ಅಭ್ಯಾಸ ಅವಳಿಗಿರಲಿಲ್ಲ. ಇಬ್ಬರೂ ಬೆಂಗಳೂರಿನ ಕಾಲೇಜೊಂದರಲ್ಲಿ ಜೊತೆಯಾಗಿ ಓದಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆ. ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಳ್ಳೋಣ, ಮಾರ್ಕ್ಸ್ ಬರುತ್ತದೆ ಎಂದು ಎಳೆದುಕೊಂಡು ಹೋದವಳೇ ಯಾಮಿನಿ. ಅವಳು ಪರೀಕ್ಷೆ ಮುಗಿಸಿ ಭಾಷೆಯನ್ನು ಅಲ್ಲಿಗೇ ಬಿಟ್ಟಳು. ಸಾಬ್ರೀನ್‌ಗೆ ಅದು ಹಿಡಿದುಕೊಂಡಿತು. ರಜೆ ಬಂದರೆ ಯಾಮಿನಿಯ ಊರು ನಗರಗೆರೆಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತಿದ್ದಳು. ಯಾಮಿನಿಯ ತಂದೆ ಆವಲಪ್ಪ, ಊರಿನಲ್ಲಿ ಹೊಲ ಮನೆ ಇದ್ದ ಅನುಕೂಲಸ್ಥರು. "ನಂಗೆ ಇಬ್ರು ಹೆಣ್ಮಕ್ಳು, ಒಬ್ಳು ಶಿಡ್ಲಘಟ್ಟದಾಗೆ ಬೆಳೀತಾವ್ಳೆ" ಅನ್ನುತ್ತಿದ್ದರು. ಅವರ ಚಿಕ್ಕಪ್ಪನ ಮಗಳು ಅಕ್ಕಯ್ಯಮ್ಮ ಪಕ್ಕದ ಮನೆಯಲ್ಲೇ ಇದ್ದಳು. ಗಂಡ ಸತ್ತವಳು, ಮಕ್ಕಳಿಲ್ಲ. ಯಾಮಿನಿ ಅವಳನ್ನು ಅತ್ತೆ ಅನ್ನುತ್ತಿದ್ದಳು, ಅವಳ ಜೊತೆ ಸಾಬ್ರೀನ್ ಕೂಡ. ರಂಜಾನ್ ತಿಂಗಳಲ್ಲಿ ಒಮ್ಮೆ ಸಾಬ್ರೀನ್ ಅಲ್ಲಿದ್ದಾಗ, ಬೆಳಗಿನ ಜಾವವೇ ಎದ್ದು ಮುದ್ದೆ ತೊಳಸಿ, ಹಿದುಕಿದ ಅವರೆಬೇಳೆ ಸಾರು ಮಾಡಿ, "ಹೊತ್ತು ಹುಟ್ಟೋದ್ರೊಳಗೆ ತಿನ್ನು ತಾಯಿ" ಎಂದು ಎಬ್ಬಿಸಿದ ಹೆಂಗಸು ಅವಳು.

ಓದು ಮುಗಿದ ಮೇಲೆ ಯಾಮಿನಿ ಕುಡುಮಲಕುಂಟೆಯಲ್ಲಿ ಕೆಲಸಕ್ಕೆ ಸೇರಿದಳು. ಸೆಂಟು ಬಾಟಲಿಗಳ ಮುಚ್ಚಳ ತಯಾರಿಸುವ ಫ್ಯಾಕ್ಟರಿ, ಒಡೆತನ ಫ್ರಾನ್ಸಿನ ಕಂಪನಿಯದು. ಯಾಮಿನಿ ಅಲ್ಲಿ ಕಾರ್ಮಿಕರ ಆಡಳಿತ ನೋಡಿಕೊಳ್ಳುವ ಎಚ್ಆರ್ ಆದಳು. ಸಾಬ್ರೀನ್ ಚಿಕ್ಕಬಳ್ಳಾಪುರದ ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಫ್ರೆಂಚ್ ಹೇಳಿಕೊಡುತ್ತ, ಉಳಿದ ದಿನ ಅನುವಾದ ಮಾಡುತ್ತಿದ್ದಳು. ಫ್ಯಾಕ್ಟರಿಯ ಅನುವಾದವೆಲ್ಲ ಅವಳಿಗೇ ಬರುವಂತೆ ಮಾಡಿದವಳೂ ಯಾಮಿನಿಯೇ.

ವರದಿ ಕಳಿಸಿ ಒಂದೆರಡು ತಿಂಗಳಾಗಿರಬೇಕು. ಶಾಲೆ ಮುಗಿಸಿ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಕ್ಕೆ ಬಂದ ಸಾಬ್ರೀನ್‌ಗೆ ಗೌರಿಬಿದನೂರಿನ ಬಸ್ಸು ನಿಲ್ಲುವ ಕಡೆ ಹೆಂಗಸರ ಗುಂಪೊಂದು ಕಂಡಿತು. ಅದರ ನಡುವೆ ಅಕ್ಕಯ್ಯಮ್ಮ ಕಲ್ಲುಬೆಂಚಿನ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಿದ್ದಳು.

"ಅತ್ತೆ, ಇಲ್ಲೇನು ಮಾಡ್ತಿದ್ದೀರ?"

ಅಕ್ಕಯ್ಯಮ್ಮ ತಲೆಯೆತ್ತಿ ನೋಡಿ, ಗುರುತು ಹಿಡಿದು, ಅವಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. "ಲೇಬರ್ ಆಫೀಸಿಗೆ ಬಂದಿದ್ವಮ್ಮ. ಕೆಲಸದಿಂದ ತೆಗೆದವ್ರೆ ನಮ್ಮನ್ನ."

"ಎಲ್ಲಿ ಕೆಲಸ ಮಾಡ್ತಿದ್ರಿ?"

"ನಮ್ಮ ಯಾಮಿನಿ ಫ್ಯಾಕ್ಟ್ರೀನಾಗೇ. ಅವಳೇ ಸೇರಿಸಿದ್ಲು. ಮುಚ್ಚಳಕ್ಕೆ ಬಣ್ಣ ಹೊಡೆಯೋ ಕಡೆ."

ಸಾಬ್ರೀನ್‌ಗೆ ಆ ಸಾಲು ನೆನಪಾದದ್ದು ಆಗ. ಏನಾಯಿತೆಂದು ಕೇಳಿದಳು.

ಬಣ್ಣದ ಕೋಣೆಯ ಹೊಗೆ ಎಳೆಯುವ ದೊಡ್ಡ ಫ್ಯಾನು ಕೆಟ್ಟು ಬಹಳ ದಿನವಾಗಿತ್ತಂತೆ. ಥಿನ್ನರ್ ವಾಸನೆಗೆ ತಲೆ ಸುತ್ತುವುದು, ವಾಂತಿಯಾಗುವುದು. ಹೇಳಿ ಹೇಳಿ ಸಾಕಾಗಿತ್ತು. ಒಂದು ದಿನ ಒಬ್ಬ ಹುಡುಗಿ ಕೆಲಸ ಮಾಡುತ್ತಿದ್ದ ಕಡೆಯೇ ಕುಸಿದು ಬಿದ್ದಳು. ಆಗ ಎಲ್ಲರೂ ಎದ್ದು ಯಾಮಿನಿಯ ಕೋಣೆಗೆ ಹೋದರು.

"ಅವಳೇ ಹೇಳಿದ್ಲು ಕಣಮ್ಮ. ಅತ್ತೆ, ನೀವೆಲ್ಲ ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತ್ಕೊಳ್ಳಿ, ಫ್ಯಾನ್ ಸರಿ ಆಗೋವರ್ಗೂ ಒಳಕ್ಕೆ ಬರ್ಬೇಡಿ, ನಾನು ನೋಡ್ಕೊತೀನಿ ಅಂತ. ನಾವು ಸಾಯಂಕಾಲದವರೆಗೂ ಅಲ್ಲೇ ಕೂತಿದ್ವಿ. ಮಾರನೇ ದಿನ ಹೋದ್ರೆ ಗೇಟಿನಾಗೇ ನಿಲ್ಸಿದ್ರು. ನೀವಾಗೇ ಬಿಟ್ಟೋಗಿದ್ದೀರಿ, ನಿಮ್ಮ ಜಾಗಕ್ಕೆ ಬೇರೆಯವ್ರು ಬಂದವ್ರೆ ಅಂದ್ರು. ಯಾಮಿನಿಗೆ ಫೋನ್ ಮಾಡಿದ್ರೆ ಎತ್ತಲಿಲ್ಲ. ಇವತ್ತು ಆಫೀಸರ್ ಮುಂದೆ ಕಂಪನಿ ಕಡೆಯವ್ರು ಏನಂದ್ರು ಗೊತ್ತಾ? ನಾವು ರಾಜೀನಾಮೆ ಕೊಟ್ಟಿದ್ದೀವಂತೆ. ಫ್ರಾನ್ಸಿನವರಿಗೂ ಹಾಗಂತ ರಿಪೋರ್ಟ್ ಹೋಗಿ, ಅವರೂ ಒಪ್ಕೊಂಡವ್ರಂತೆ. ನನ್ನ ಕೈಯಾಗೆ ನನ್ನ ಹೆಸ್ರು ಬರೆಯಕ್ಕೇ ಕಷ್ಟ. ರಾಜೀನಾಮೆ ಎಲ್ಲಿ ಬರೀಲಿ ನಾನು? ಏಂ ಚೇಯಾಲಿ ಚೆಪ್ಪು, ಏನ್ ಮಾಡ್ಲಿ ಹೇಳು."

ಬಸ್ಸು ಬಂತು. ಹೆಂಗಸರು ಹತ್ತಿದರು. ಕಿಟಕಿಯಿಂದ ಅಕ್ಕಯ್ಯಮ್ಮ, "ಮನೆ ಕಡೆ ಬಾಮ್ಮ, ಸೊರಗೋಗಿದ್ದೀಯ" ಅಂದಳು.

ಅಲ್ಲೇ ನಿಂತು ಸಾಬ್ರೀನ್ ಯಾಮಿನಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮನೆ ಸೇರಿದ ಮೇಲೆ ಮೆಸೇಜ್ ಬರೆದಳು: ಅಕ್ಕಯ್ಯಮ್ಮತ್ತೆ ಸಿಕ್ಕಿದ್ರು. ಅವರು ರಿಸೈನ್ ಮಾಡಿಲ್ಲ. ನೀನೇ ಹೊರಗೆ ಕಳಿಸಿದ್ಯಂತೆ. ನನ್ನ ಹತ್ರ ಯಾಕೆ ಹಾಗೆ ಬರೆಸಿದೆ?

ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಅದು ಯಾಮಿನಿಯ ಮಾತಿನ ಹಾಗಿರಲಿಲ್ಲ, ಆಫೀಸಿನ ಇಂಗ್ಲಿಷು. ನಮ್ಮ ವರದಿಯಲ್ಲಿ ಲೆಫ್ಟ್ ಎಂದು ಮಾತ್ರ ಇದೆ, ಫ್ರೆಂಚ್ ಪದದ ಆಯ್ಕೆ ಅನುವಾದಕರಿಗೆ ಸೇರಿದ್ದು.

ಸಾಬ್ರೀನ್ ಅದನ್ನು ಎರಡು ಸಲ ಓದಿದಳು. ಆಮೇಲೆ ಹಿಂದಿನ ಮೆಸೇಜುಗಳನ್ನೆಲ್ಲ ಸರಿಸುತ್ತಾ ಹೋದಳು. ನೂರಾರು ಅನುಮಾನಗಳು, ನೂರಾರು ಉತ್ತರಗಳು, ನಡುನಡುವೆ ನಗು, ಬೈಗುಳ, ಸಿನಿಮಾ ಸುದ್ದಿ. ಲೆಫ್ಟ್ ಯಾವ ಲೆಫ್ಟ್ ಎಂಬ ಪ್ರಶ್ನೆಯ ಕೆಳಗೆ ಮಾತ್ರ ಏನೂ ಇರಲಿಲ್ಲ. ಆವತ್ತು ಯಾಮಿನಿ ಯಾಕೆ ಫೋನ್ ಮಾಡಿದಳೆಂದು ಈಗ ಅರ್ಥವಾಯಿತು. ಅಳು ಬರಲಿಲ್ಲ. ಊಟ ಸೇರದೆ ಎದ್ದಳು. ಅಮ್ಮಿ ಮುಸರ್ರತ್ ಹಣೆ ಮುಟ್ಟಿ, ಜ್ವರವಿಲ್ಲವಲ್ಲ ಎಂದು ಗೊಣಗಿದಳು.

ಮುಂದೆ ಆದದ್ದು ಸಾಬ್ರೀನ್‌ಗೆ ಗೊತ್ತಾದದ್ದು ಸ್ವಲ್ಪ ದಿನ ಕಳೆದು. ಲೇಬರ್ ಆಫೀಸರು ಫ್ಯಾಕ್ಟರಿಯವರಿಗೆ, ರಾಜೀನಾಮೆ ಕೊಟ್ಟಿದ್ದರೆ ಆ ಪತ್ರಗಳನ್ನು ತೋರಿಸಿ ಅಂದರು. ಪತ್ರಗಳಿದ್ದರಲ್ಲವೇ ತೋರಿಸುವುದು. ಅಷ್ಟರಲ್ಲಿ ಹೆಂಗಸರ ಪರವಾಗಿ ಯಾರೋ ಫ್ರಾನ್ಸಿನ ಮುಖ್ಯ ಕಚೇರಿಗೂ ಬರೆದಿದ್ದರು. ಸುರಕ್ಷತೆಯ ಬಗ್ಗೆ ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಆ ಕಂಪನಿಯ ನಿಯಮ. ಹಾಗಾಗಿ ಅಲ್ಲಿಂದಲೂ ಅದೇ ಪ್ರಶ್ನೆ ಬಂತು. ಫ್ಯಾಕ್ಟರಿಯ ಮ್ಯಾನೇಜರ್ ರಮೇಶ್‌ಬಾಬು, ನಾವು ಬರೆದದ್ದು ಬರೀ ಲೆಫ್ಟ್, ರಾಜೀನಾಮೆ ಎಂಬುದು ಅನುವಾದಕಿಯ ತಪ್ಪು ಎಂದು ಉತ್ತರ ಕೊಟ್ಟರು. ಹಾಗಿದ್ದರೆ ಅನುವಾದಕಿಯೇ ಅದನ್ನು ಒಪ್ಪಿ ಬರೆದುಕೊಡಲಿ ಎಂದರು ಫ್ರಾನ್ಸಿನವರು.

ಇದನ್ನು ಹೇಳಲು ಬಂದವರು ಆವಲಪ್ಪ.

ಕೆಳಗೆ ಅಬ್ಬಾ ಖಲೀಮುಲ್ಲಾ ಅವರ ರೇಷ್ಮೆ ಬಿಚ್ಚುವ ಕೆಲಸ ನಡೆದಿತ್ತು. ಬೇಯುವ ಗೂಡಿನ ವಾಸನೆ ಬೀದಿಯವರೆಗೂ ಹರಡಿತ್ತು. ಆವಲಪ್ಪ ಚೀಲದ ತುಂಬ ಅವರೆಕಾಯಿ ತಂದು ಬಾಗಿಲಲ್ಲಿಟ್ಟು, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ಖಲೀಮುಲ್ಲಾ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, "ಮೊದಲು ಚಾ ಕುಡೀರಿ ಆವಲಪ್ಪನೋರೆ" ಅಂದರು. ಆವಲಪ್ಪ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ವಿಷಯವನ್ನೆಲ್ಲ ಹೇಳಿದರು.

"ಸಾಬ್ರೀನಮ್ಮ, ನಾನೇ ಗಮನಿಸದೆ ಬರೆದೆ ಅಂತ ಒಂದು ಮಾತು ಬರ್ಕೊಟ್ಬಿಡು. ನೀನೇನು ಆ ಕಂಪನಿ ಆಳಲ್ಲ, ನಿಂಗೆ ಯಾರೂ ಏನೂ ಮಾಡಲ್ಲ. ಇಲ್ದಿದ್ರೆ ನನ್ನ ಮಗಳ ಕೆಲಸ ಹೋಗುತ್ತೆ."

"ಅಕ್ಕಯ್ಯಮ್ಮತ್ತೆ ನಿಮ್ಮ ತಂಗಿ ಅಲ್ವಾ ಅಂಕಲ್?"

ಆವಲಪ್ಪ ಚಹಾದ ಕಡೆ ನೋಡಿದರು. "ತಂಗೀನೇ. ಅವಳಿಗೆ ನಾನು ಬೇರೆ ಎಲ್ಲಾದ್ರೂ ನೋಡ್ತೀನಿ. ಅವಳಿಗೇನು, ಕೂಲಿ ಎಲ್ಲಿ ಹೋದ್ರೂ ಸಿಗುತ್ತೆ."

"ನನ್ನ ಮಗಳು ಅಂತಿದ್ರಿ ನನ್ನ."

"ಈಗ್ಲೂ ಅಂತೀನಮ್ಮ. ಅದಕ್ಕೇ ಕೇಳ್ತಿರೋದು. ಬೇರೆಯವ್ರನ್ನ ಕೇಳಕ್ಕಾಗುತ್ತಾ?"

ಖಲೀಮುಲ್ಲಾ ಇಬ್ಬರ ಮುಖವನ್ನೂ ನೋಡಿ, "ಅವಳ ಹೆಸರು, ಅವಳ ಸಹಿ. ಅವಳೇ ತೀರ್ಮಾನ ಮಾಡ್ಲಿ" ಎಂದಷ್ಟೇ ಹೇಳಿದರು.

"ಯಾಮಿನಿ ಕಳಿಸಿದ್ಲಾ ನಿಮ್ಮನ್ನ?" ಸಾಬ್ರೀನ್ ಕೇಳಿದಳು.

"ಗೂಡಿನ ಮಾರ್ಕೆಟ್ ಹತ್ರ ಕಾರಿನಾಗೆ ಕೂತವ್ಳೆ. ಬಾ ಅಂದ್ರೆ ಬರಲ್ಲ ಅಂದ್ಲು."

ಸಾಬ್ರೀನ್ ದುಪಟ್ಟಾ ತಲೆಗೆಳೆದುಕೊಂಡು ನಡೆದೇ ಹೋದಳು. ಮಾರ್ಕೆಟ್ಟಿನ ಹರಾಜು ಮುಗಿದು ಗೂಡು ತಂದವರು ಖಾಲಿ ಚೀಲ ಮಡಿಸುತ್ತಿದ್ದರು. ಕಾರು ಗೋಡೆಯ ನೆರಳಿನಲ್ಲಿತ್ತು. ಯಾಮಿನಿ ಮುಂದಿನ ಸೀಟಿನಲ್ಲಿದ್ದಳು. ಗಾಜು ಇಳಿಸಿದಳು, ಬಾಗಿಲು ತೆಗೆಯಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಅಂಕಲ್‌ನ ಯಾಕೆ ಕಳಿಸ್ದೆ?"

"ನನ್ನ ಮಾತು ನೀನು ಕೇಳಲ್ಲ ಅಂತ."

"ನಿನ್ನ ಮಾತು ಕೇಳೇ ತಾನೆ ಇಲ್ಲಿಗೆ ಬಂದಿರೋದು. ಅವರನ್ನ ಹೊರಗೆ ಹೋಗಿ ಕೂತ್ಕೊಳ್ಳಿ ಅಂತ ನೀನು ಹೇಳಿದ್ದು ನಿಜಾನಾ?"

"ನಿಜ. ಆವಾಗ ಮನಸಲ್ಲಿ ಏನೂ ಇರ್ಲಿಲ್ಲ ಕಣೇ. ಆ ಹುಡುಗಿ ಬಿದ್ದದ್ದು ನೋಡಿ ಭಯ ಆಯ್ತು, ಹೇಳ್ದೆ. ಸಂಜೆ ಬಾಬು ಸರ್ ಕರೆದು, ಲೈನ್ ನಿಲ್ಸಿದ್ದು ಯಾರು, ನೀನಾ ಅವ್ರಾ ಅಂತ ಕೇಳಿದ್ರು. ನಾನು ಅಂದಿದ್ರೆ ಆವತ್ತೇ ಮನೆಗೆ ಕಳಿಸ್ತಿದ್ರು."

"ಅದಕ್ಕೆ ಅವರು ಅಂದೆ."

ಯಾಮಿನಿ ಹೌದೆಂಬಂತೆ ತಲೆಯಾಡಿಸಿದಳು.

"ನಂಗೆ ಯಾಕೆ ಫೋನ್ ಮಾಡ್ದೆ ಆವತ್ತು? ಮೆಸೇಜ್ ಯಾಕೆ ಮಾಡ್ಲಿಲ್ಲ?"

"ಬರವಣಿಗೇಲಿ ಏನೂ ಬೇಡ ಅಂದಿದ್ರು ಸರ್."

"ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಕಟ್ಬಹುದು ಅಂತ ಆವಾಗ್ಲೇ ಗೊತ್ತಿತ್ತು ನಿಂಗೆ."

ಯಾಮಿನಿ ಸ್ಟಿಯರಿಂಗ್ ಕಡೆ ಮುಖ ತಿರುಗಿಸಿದಳು. ಬಹಳ ಮೆಲ್ಲಗೆ, "ಗೊತ್ತಿತ್ತು" ಅಂದಳು. "ಬೇರೆ ಯಾರಾದ್ರೂ ಆಗಿದ್ರೆ ಧೈರ್ಯ ಬರ್ತಿರ್ಲಿಲ್ಲ. ನೀನಾದ್ರೆ ಏನೂ ಅನ್ಕೊಳಲ್ಲ, ನಂಗೋಸ್ಕರ ಸುಮ್ನಿರ್ತೀಯ ಅಂದ್ಕೊಂಡೆ."

ಸಾಬ್ರೀನ್‌ಗೆ ಏನೇನೋ ಕೇಳಬೇಕೆಂದಿತ್ತು. ಈ ಮಾತಾದ ಮೇಲೆ ಕೇಳುವುದಕ್ಕೆ ಏನೂ ಉಳಿಯಲಿಲ್ಲ. ಗೆಳೆತನ ಇದ್ದುದರಿಂದಲೇ ತನ್ನನ್ನು ಆರಿಸಿಕೊಂಡಿದ್ದಾಳೆ. ಗುರುತಿಲ್ಲದ ಅನುವಾದಕಿಯಾಗಿದ್ದರೆ ಬಚಾವಾಗುತ್ತಿದ್ದೆ ಎಂದುಕೊಂಡು ಅವಳು ತಿರುಗಿ ಬಂದಳು. ಹಿಂದಿನಿಂದ ಯಾಮಿನಿ ಒಂದು ಸಲ ಕರೆದಳು. ಚೀಲ ಮಡಿಸುತ್ತಿದ್ದವರು ಕೆಲವರು ತಿರುಗಿ ನೋಡಿದರು. ಸಾಬ್ರೀನ್ ನಿಲ್ಲಲಿಲ್ಲ.

ಮನೆಗೆ ಬಂದಾಗ ಆವಲಪ್ಪ ಎದ್ದು ನಿಂತಿದ್ದರು. "ನನ್ನ ಕೈಯಲ್ಲಿ ಆಗಲ್ಲ ಅಂಕಲ್" ಅಂದಳು. ಅವರು ಚಪ್ಪಲಿ ಮೆಟ್ಟಿ ಹೊರಟರು. ಮೆಟ್ಟಿಲಿಳಿಯುವಾಗ ಖಲೀಮುಲ್ಲಾ ಜೊತೆಗೆ ಹೋದರು.

ಮಧ್ಯಾಹ್ನವೇ ಸಾಬ್ರೀನ್ ಫ್ರಾನ್ಸಿನ ಕಚೇರಿಗೆ ಬರೆಯಲು ಕೂತಳು. ಫ್ರೆಂಚಿನಲ್ಲಿ ತನ್ನದೇ ಮಾತನ್ನು ಬರೆದು ಅವಳಿಗೆ ಅಭ್ಯಾಸವಿರಲಿಲ್ಲ, ಯಾವಾಗಲೂ ಬೇರೆಯವರ ಮಾತೇ. ಇಂಗ್ಲಿಷಿನ ಲೆಫ್ಟ್‌ಗೆ ಇರುವ ಅರ್ಥಗಳನ್ನು ವಿವರಿಸಿದಳು. ನನಗೆ ಅನುಮಾನ ಬಂದು ಫ್ಯಾಕ್ಟರಿಯನ್ನು ಕೇಳಿದೆ, ಪ್ರಶ್ನೆ ಕೇಳಿದ ಮೆಸೇಜ್ ಇದೆ, ಉತ್ತರ ಫೋನಿನಲ್ಲಿ ಬಂತು, ಅದಕ್ಕೆ ಸಾಕ್ಷಿ ನನ್ನ ಮಾತು ಬಿಟ್ಟರೆ ಬೇರೆ ಇಲ್ಲ ಎಂದು ಬರೆದಳು. ಆ ಹೆಂಗಸರು ಕೆಲಸ ಬಿಡಲಿಲ್ಲ, ವಿಷದ ಗಾಳಿಯಿಂದ ಹೊರಗೆ ಬಂದರು, ಹೊರಗೆ ಹೋಗಲು ಅವರಿಗೆ ಆಡಳಿತವೇ ಹೇಳಿತ್ತು, ಸರಿಯಾದ ಕ್ರಿಯಾಪದ ಸೊರ್ತೀರ್ ಎಂದು ಬರೆದಳು. ಆಡಳಿತ ಅಂದರೆ ಯಾರು ಎಂದು ಅವರು ಕೇಳುತ್ತಾರೆಂದು ಗೊತ್ತಿತ್ತು. ಯಾಮಿನಿಯ ಹೆಸರು ಬರೆಯುವ ಕಡೆ ಖಾಲಿ ಜಾಗ ಬಿಟ್ಟು ಮುಂದಿನ ಸಾಲು ಬರೆದಳು. ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿಸಿತು. ಎದ್ದು ನಮಾಜ್ ಮಾಡಿ ಬಂದು ಹೆಸರು ಬರೆದು, ಇನ್ನೊಮ್ಮೆ ಓದದೆ ಕಳಿಸಿದಳು.

ಫ್ರಾನ್ಸಿನಿಂದ ಒಬ್ಬ ಹೆಂಗಸು ವೀಡಿಯೊ ಕರೆ ಮಾಡಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿಕೊಂಡಳು. ಆಮೇಲೆ ತನಿಖೆಯವರು ಬಂದರು. ಪೇಂಟಿಂಗ್ ವಿಭಾಗದ ಹೆಂಗಸರನ್ನೆಲ್ಲ ವಾಪಸ್ ಕರೆಸಿಕೊಂಡರು, ಹೊಸ ಫ್ಯಾನು ಹಾಕಿಸಿದರು. ಯಾಮಿನಿಯನ್ನು ಕೆಲಸದಿಂದ ತೆಗೆದರು. ರಮೇಶ್‌ಬಾಬು, ಎಚ್ಆರ್ ನನಗೂ ಸುಳ್ಳು ಹೇಳಿದ್ದಳು ಎಂದು ಕೈ ತೊಳೆದುಕೊಂಡು ತಮ್ಮ ಕುರ್ಚಿಯಲ್ಲೇ ಉಳಿದರು. ಅನುವಾದದ ಕೆಲಸ ಬೆಂಗಳೂರಿನ ಒಂದು ಏಜೆನ್ಸಿಗೆ ಹೋಯಿತು. ಸಾಬ್ರೀನ್‌ಗೆ ಯಾರೂ ಕಾರಣ ಹೇಳಲಿಲ್ಲ.

ಅವಳು ಅಕ್ಕಯ್ಯಮ್ಮನನ್ನು ನೋಡಲು ಒಂದು ಭಾನುವಾರ ನಗರಗೆರೆಗೆ ಹೋದಳು. ಆವಲಪ್ಪನ ಮನೆಯ ಮುಂದೆಯೇ ದಾರಿ. ಯಾಮಿನಿಯ ತಾಯಿ ಹೊರಗೆ ರಾಗಿ ಕೇರುತ್ತಿದ್ದವರು ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಕ್ಕಯ್ಯಮ್ಮ ಚಾಪೆ ಹಾಸಿ ಕೂರಿಸಿದಳು. ಕೆಮ್ಮು ಕಡಿಮೆಯಾಗಿತ್ತು.

"ಒಳಕ್ಕೆ ಸೇರಿಸ್ಕೊಂಡ್ರು ಕಣಮ್ಮ, ನಿನ್ನಿಂದ. ಆದ್ರೆ ಅಣ್ಣನ ಮನೆಯವ್ರು ಮಾತು ಬಿಟ್ಟವ್ರೆ. ನಾನೇ ಹೋಗಿ ಅವಳ ಮೇಲೆ ದೂರು ಹೇಳಿದ್ನಂತೆ. ನಾನು ಆಫೀಸರ ಮುಂದೆ ಅವಳ ಹೆಸ್ರೇ ಎತ್ತಿರ್ಲಿಲ್ಲ."

"ಯಾಕೆ ಎತ್ತಲಿಲ್ಲ ಅತ್ತೆ?"

"ಎತ್ತಿ ಆಡಿಸಿದ ಮಗು. ಎದುರಿಗೆ ಬಂದು, ತಪ್ಪಾಯ್ತು ಅತ್ತೆ ಅಂದಿದ್ರೆ ಅಲ್ಲಿಗೇ ಬಿಡ್ತಿದ್ದೆ. ಬರಲಿಲ್ಲ. ಈಗ್ಲೂ ನನ್ನ ನೋಡಿದ್ರೆ ಆ ಕಡೆ ಬೀದಿಗೆ ತಿರುಗ್ತಾಳೆ."

ಊಟ ಮಾಡಿಕೊಂಡು ಹೋಗು ಎಂದು ಅಕ್ಕಯ್ಯಮ್ಮ ಬಲವಂತ ಮಾಡಿದಳು. ಸಾಬ್ರೀನ್ ಉಂಡು, ಸಂಜೆಯ ಬಸ್ಸಿಗೆ ಹೊರಟಳು.

ಶಾಲೆಯ ಪರೀಕ್ಷೆಗಳ ಸಮಯದಲ್ಲಿ ಯಾಮಿನಿಯ ಮೆಸೇಜ್ ಬಂತು, ಅಷ್ಟು ದಿನದ ಮೌನದ ಮೇಲೆ. ಇಂಗ್ಲಿಷಿನಲ್ಲಿ ಬರೆದ ಅರ್ಜಿ ಜೊತೆಗಿತ್ತು. ತಪ್ಪೆಲ್ಲವನ್ನೂ ತನ್ನ ಮೇಲೆ ಹೊರಿಸಿ ಮ್ಯಾನೇಜರ್ ತಪ್ಪಿಸಿಕೊಂಡಿದ್ದಾರೆ, ತನ್ನ ಮಾತನ್ನೂ ಕೇಳಬೇಕು ಎಂದು ಅವಳು ಮುಖ್ಯ ಕಚೇರಿಗೆ ಬರೆದುಕೊಂಡಿದ್ದಳು. ಕೆಳಗೆ ಕನ್ನಡದಲ್ಲಿ: ಇದನ್ನ ಫ್ರೆಂಚಿಗೆ ಮಾಡಿಕೊಡ್ತೀಯಾ? ಬಾಬು ಸರ್ ನನಗೆ ಹೀಗೆ ಮಾಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ.

ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿನ ಮುಂದೆ ಕೂತಿದ್ದ ಸಾಬ್ರೀನ್ ಅರ್ಜಿಯನ್ನು ಪೂರ್ತಿ ಓದಿದಳು. ಅದರಲ್ಲಿದ್ದ ಮಾತು ಬಹುಪಾಲು ನಿಜ. ಅಕ್ಕಯ್ಯಮ್ಮನ ವಿಚಾರ ಒಂದು ಸಾಲೂ ಇರಲಿಲ್ಲ, ಸಾಬ್ರೀನ್‌ಳದೂ ಇರಲಿಲ್ಲ. ಪರಿಚಯದ ಇನ್ನೊಬ್ಬ ಅನುವಾದಕನ ನಂಬರ್ ಹುಡುಕಿ, ಇವರನ್ನ ಕೇಳು, ಚೆನ್ನಾಗಿ ಮಾಡ್ತಾರೆ ಎಂದು ಬರೆದು ಕಳಿಸಿದಳು.

ಕೂಡಲೇ ಉತ್ತರ ಬಂತು: ನಿನ್ನಷ್ಟು ಚೆನ್ನಾಗಿ ಯಾರು ಮಾಡ್ತಾರೆ ಕಣೇ.

ಯಾಮಿನಿ ಅದನ್ನು ಮನಸ್ಸಿನಿಂದಲೇ ಬರೆದಿದ್ದಳು. ಸಾಬ್ರೀನ್‌ಗೆ ಅದು ಗೊತ್ತಾಯಿತು. ಕಾರಿನ ಪಕ್ಕ ನಿಂತಿದ್ದಾಗ ಬಾರದ ಅಳು ಈಗ ಬಂತು. ಸಹೋದ್ಯೋಗಿಗಳು ನೋಡಿಯಾರೆಂದು ಅವಳು ಎದ್ದು ಹೋಗಿ ಮುಖ ತೊಳೆದು, ವಾಪಸ್ ಬಂದು ಮುಂದಿನ ಉತ್ತರಪತ್ರಿಕೆ ತೆಗೆದುಕೊಂಡಳು. ಮೆಸೇಜಿಗೆ ಉತ್ತರ ಬರೆಯಲಿಲ್ಲ.